ಚರ್ಮದ ಕ್ಷಯ: ಗುರುತು ಹಿಡಿದ ಬಗೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಈಗ ಆಕೆ ಚರ್ಮರೋಗಗಳ ವೈದ್ಯೆ. ಕಾಫಿ ಕುಡಿಯುತ್ತ ಕುಳಿತಿದ್ದಾಗ, "ಸಾರ್, ನೀವು ನಮಗೆ ರಾಜರ ಇತಿಹಾಸ ಹೇಳಿದಿರಿ, ಯುದ್ಧಗಳ ಇತಿಹಾಸ ಹೇಳಿದಿರಿ. ರೋಗಗಳಿಗೂ ಒಂದು ಇತಿಹಾಸವಿದೆ ಎಂದು ಒಮ್ಮೆಯೂ ಹೇಳಲಿಲ್ಲ" ಎಂದು ನಗುತ್ತ ಆಕ್ಷೇಪಿಸಿದಳು. ನಾನೂ ನಕ್ಕೆ. ಆದರೆ ಆಕೆ ಹೋದ ಮೇಲೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಒಂದು ರೋಗದ ವಿಷಯವನ್ನು ನಾನು ಇಷ್ಟು ವರ್ಷ ಎಲ್ಲಿಯೂ ಪ್ರಸ್ತಾಪಿಸದೆ ಉಳಿದುದಕ್ಕೆ ಅಜ್ಞಾನದ ಜೊತೆಗೆ ನಾಚಿಕೆಯೂ ಕಾರಣ. ಆ ನಾಚಿಕೆಯ ಸಂಗತಿಯನ್ನು ಮೊದಲು ಹೇಳಿ, ಅನಂತರ ಇತಿಹಾಸಕ್ಕೆ ಬರುತ್ತೇನೆ.

1974ರ ಮಳೆಗಾಲ. ಮಲೆನಾಡಿನ ಹೋಬಳಿ ಕೇಂದ್ರವೊಂದರ ಪ್ರೌಢಶಾಲೆಯಲ್ಲಿ ನಾನು ಅಧ್ಯಾಪಕನಾಗಿದ್ದೆ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ, ಹೆಸರು ಬೇಡ. ಅವನ ಬಲಗೆನ್ನೆಯ ಮೇಲೆ, ಕಿವಿಗೆ ಸಮೀಪದಲ್ಲಿ, ಕೆಂಪು ಬೆರೆತ ಕಂದು ಬಣ್ಣದ ಒಂದು ಕಲೆ ಇತ್ತು. ಮೊದಲು ಎಂಟಾಣೆ ನಾಣ್ಯದಷ್ಟಿದ್ದುದು ಎರಡು ವರ್ಷಗಳಲ್ಲಿ ಹಿಗ್ಗಿ ಕಿವಿಯ ಹಾಲೆಯನ್ನು ಮುಟ್ಟಿತ್ತು. ನೋವಿಲ್ಲ, ತುರಿಕೆಯಿಲ್ಲ. ಹುಡುಗ ಆರೋಗ್ಯವಾಗಿಯೇ ಇದ್ದ. ಹೊಳೆ ಈಜಿ ಶಾಲೆಗೆ ಬರುವಷ್ಟು ಗಟ್ಟಿಗ. ಆದರೆ ಊರಿನವರ ಬಾಯಲ್ಲಿ ಅದು ಮಹಾರೋಗವಾಯಿತು. ಒಂದು ದಿನ ನಾಲ್ಕಾರು ಪೋಷಕರು ಬಂದು, ತಮ್ಮ ಮಕ್ಕಳನ್ನು ಅವನ ಜೊತೆ ಕೂರಿಸಬಾರದೆಂದು ಹೇಳಿ ಹೋದರು.

ನಾನು ಏನು ಮಾಡಿದೆ? "ಕಿಟಕಿಯ ಹತ್ತಿರ ಗಾಳಿ ಬೆಳಕು ಚೆನ್ನಾಗಿರುತ್ತದೆ, ಅಲ್ಲಿ ಕೂತುಕೋ ಮರಿ" ಎಂದು ಅವನೊಬ್ಬನಿಗೇ ಒಂದು ಬೆಂಚನ್ನು ಹಾಕಿಸಿದೆ. ಅವನು ಒಂದು ಮಾತನ್ನೂ ಆಡದೆ ಚೀಲ ಎತ್ತಿಕೊಂಡು ಹೋಗಿ ಕುಳಿತ. ಅದಾದ ಮೇಲೆ, ಅವನು ಶಾಲೆಗೆ ಬರುವುದು ಯೋಗ್ಯವಲ್ಲವೆಂದು ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು ಬರಲು ಅವನನ್ನೂ ಅವನ ಅಜ್ಜಿಯನ್ನೂ ಬಸ್ಸಿನಲ್ಲಿ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೊರಟವನೂ ನಾನೇ.

ಅಲ್ಲಿದ್ದ ಚರ್ಮವೈದ್ಯರು ವಯಸ್ಸಾದವರು, ಮಿತಭಾಷಿ. ಹುಡುಗನ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯೊಂದನ್ನು ಕಲೆಯ ಮೇಲೆ ಸೋಕಿಸಿದರು. "ಮುಟ್ಟಿದಾಗಲೆಲ್ಲ ಬೆರಳೆತ್ತು" ಎಂದರು. ಅವನು ಪ್ರತಿಸಲವೂ ಬೆರಳೆತ್ತಿದ. ಕತ್ತಿನ ಪಕ್ಕದಲ್ಲಿ, ಮೊಣಕೈಯ ಹಿಂದೆ ನರಗಳನ್ನು ಬೆರಳಿನಿಂದ ತಡವಿ ನೋಡಿದರು. ಬಳಿಕ ಸೂಕ್ಷ್ಮದರ್ಶಕಕ್ಕೆ ಬಳಸುವ ಗಾಜಿನ ಪಟ್ಟಿಯೊಂದನ್ನು ತೆಗೆದು ಕಲೆಯ ಅಂಚಿನ ಮೇಲೆ ಒತ್ತಿ ಹಿಡಿದು, "ಮೇಷ್ಟ್ರೇ, ಇಲ್ಲಿ ಬಂದು ನೋಡಿ" ಎಂದರು. ಒತ್ತಿದ ಕಡೆ ಕೆಂಪು ಮಾಯವಾಗಿತ್ತು. ಬಿಳಿಚಿಕೊಂಡ ಚರ್ಮದೊಳಗೆ ಹಳದಿಮಿಶ್ರಿತ ಕಂದು ಬಣ್ಣದ ಸಣ್ಣ ಸಣ್ಣ ಚುಕ್ಕೆಗಳು ಕಂಡವು. "ಪುಸ್ತಕಗಳಲ್ಲಿ ಇದನ್ನು ಆಪಲ್ ಜೆಲ್ಲಿ ಬಣ್ಣ ಎನ್ನುತ್ತಾರೆ" ಎಂದರು. ಆಪಲ್ ಜೆಲ್ಲಿಯನ್ನು ನಾನು ಕಂಡವನಲ್ಲ. ನನಗೆ ಅವು ಜೋನಿಬೆಲ್ಲದ ಹನಿಗಳಂತೆ ಕಂಡವು.

ಅದು ಕುಷ್ಠವಲ್ಲ, ಚರ್ಮದ ಕ್ಷಯವಿರಬೇಕು ಎಂದು ಅವರು ಅಂದೇ ಹೇಳಿದರು. ಅಲ್ಲಿಯವರೆಗೆ ಕ್ಷಯವೆಂದರೆ ಕೆಮ್ಮು, ಕಫದಲ್ಲಿ ರಕ್ತ, ಬಡಕಲು ದೇಹ ಎಂದಷ್ಟೇ ನಾನು ತಿಳಿದಿದ್ದೆ. ಕ್ಷಯವು ಕೆನ್ನೆಯ ಮೇಲೆ ಬಂದು ಕೂರುವುದುಂಟೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ವರ್ಷಗಳುದ್ದಕ್ಕೂ ಓದಿದುದರ ಸಾರವನ್ನು ಮುಂದೆ ಕೊಡುತ್ತಿದ್ದೇನೆ.

ಕ್ಷಯ ಅತಿ ಪ್ರಾಚೀನ ರೋಗ. ರೋಹಿಣಿಯೊಬ್ಬಳನ್ನೇ ಪ್ರೀತಿಸಿ ಉಳಿದ ಪತ್ನಿಯರನ್ನು ಅಲಕ್ಷಿಸಿದ ಚಂದ್ರನಿಗೆ ದಕ್ಷನ ಶಾಪದಿಂದ ಬಂದ ರಾಜಯಕ್ಷ್ಮದ ಕಥೆ ನಮ್ಮೆಲ್ಲರಿಗೂ ಗೊತ್ತು. ಕತ್ತಿನ ಗ್ರಂಥಿಗಳು ಊದಿ ಒಡೆಯುವ ಗಂಡಮಾಲೆಯೂ ನಮ್ಮ ಆಯುರ್ವೇದ ಗ್ರಂಥಗಳಲ್ಲಿದೆ. ಆದರೆ ರಾಜಯಕ್ಷ್ಮ ಬೇರೆ, ಗಂಡಮಾಲೆ ಬೇರೆ ಎಂದೇ ಜನ ಭಾವಿಸಿದ್ದರು. ಯುರೋಪಿನಲ್ಲಿಯೂ ಹಾಗೆಯೇ. ಗಂಡಮಾಲೆಗೆ ಇಂಗ್ಲೆಂಡಿನಲ್ಲಿ 'ರಾಜನ ಪೀಡೆ' ಎಂಬ ಅರ್ಥದ ಹೆಸರಿತ್ತು. ದೊರೆ ಮುಟ್ಟಿದರೆ ವಾಸಿಯಾಗುವುದೆಂಬ ನಂಬಿಕೆ ಅದಕ್ಕೆ ಕಾರಣ. ಮುಂದೆ ನಿಘಂಟುಕಾರನಾಗಿ ಖ್ಯಾತನಾದ ಸ್ಯಾಮ್ಯುಯೆಲ್ ಜಾನ್ಸನ್ನನನ್ನು ಎರಡೂವರೆ ವರ್ಷದ ಕೂಸಾಗಿದ್ದಾಗ, 1712ರಲ್ಲಿ, ತಾಯಿ ಲಂಡನ್ನಿಗೆ ಕರೆದೊಯ್ದು ರಾಣಿ ಆ್ಯನ್‌ಳಿಂದ ಮುಟ್ಟಿಸಿದಳು. ರಾಣಿ ಕೊಟ್ಟ ಪದಕವನ್ನು ಅವನು ಜೀವಮಾನವಿಡೀ ಕೊರಳಲ್ಲಿ ಧರಿಸಿದ್ದ. ಆದರೂ ಗಾಯದ ಗುರುತುಗಳು ಅವನ ಮುಖದಿಂದ ಹೋಗಲಿಲ್ಲ. ಕ್ಷಯವಿದ್ದ ಹಸುಗಳ ಹಸಿ ಹಾಲಿನಿಂದಲೂ ಗಂಡಮಾಲೆ ಬರುತ್ತಿತ್ತೆಂಬುದು ಬಹುಕಾಲದ ನಂತರ ತಿಳಿದುಬಂತು.

ಮುಖದ ಚರ್ಮವನ್ನು ವರ್ಷಗಟ್ಟಲೆ ನಿಧಾನವಾಗಿ ತಿನ್ನುತ್ತ, ಮೂಗಿನ ತುದಿಯನ್ನೂ ಕಿವಿಯನ್ನೂ ಕರಗಿಸಿಬಿಡುತ್ತಿದ್ದ ಇನ್ನೊಂದು ರೋಗವನ್ನು ಯುರೋಪಿನವರು 'ಲೂಪಸ್' ಎಂದು ಕರೆದರು. ಲ್ಯಾಟಿನ್ನಿನಲ್ಲಿ ಲೂಪಸ್ ಎಂದರೆ ತೋಳ. ಮಾಂಸವನ್ನು ಕಿತ್ತು ತಿನ್ನುವ ಪ್ರಾಣಿಯ ಹೆಸರನ್ನೇ ರೋಗಕ್ಕೂ ಇಟ್ಟರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಬರ್ಟ್ ವಿಲ್ಲನ್ ಮತ್ತು ಅವನ ಶಿಷ್ಯ ಥಾಮಸ್ ಬೇಟ್‌ಮನ್ ಚರ್ಮರೋಗಗಳನ್ನು ಕಣ್ಣಿಗೆ ಕಾಣುವ ರೂಪದ ಆಧಾರದ ಮೇಲೆ ವಿಂಗಡಿಸಿದರು. ಗುಳ್ಳೆ, ಹುರುಪೆ, ಗಂಟು, ಕಲೆ ಇವುಗಳಿಗೆಲ್ಲ ನಿಖರವಾದ ಹೆಸರು ಬಂದುದು ಇಂತಹವರ ಶ್ರಮದಿಂದ. ಆದರೆ ರೂಪವನ್ನು ಕಂಡವರಿಗೆ ಕಾರಣ ಕಾಣಲಿಲ್ಲ. ತೋಳ ಎಲ್ಲಿಂದ ಬಂತೆಂಬುದು ಯಾರಿಗೂ ತಿಳಿಯಲಿಲ್ಲ.

ಅದರ ಸುಳಿವು ಒಬ್ಬ ಮಹಾವೈದ್ಯನ ಬೆರಳಿನ ಮೇಲೆಯೇ ಇತ್ತು. ಸ್ಟೆತೊಸ್ಕೋಪನ್ನು ಕಂಡುಹಿಡಿದ ಫ್ರಾನ್ಸಿನ ರೆನೆ ಲೆನೆಕ್ ಕ್ಷಯರೋಗಿಯೊಬ್ಬನ ಶವದ ಬೆನ್ನೆಲುಬನ್ನು ಗರಗಸದಿಂದ ಕೊಯ್ಯುವಾಗ ಅವನ ಎಡಗೈಯ ತೋರುಬೆರಳಿಗೆ ಗರಗಸ ತಗುಲಿ ಗೀರಾಯಿತು. ಆ ಜಾಗದಲ್ಲಿ ಒಂದು ಸಣ್ಣ ಗಂಟು ಎದ್ದಿತು. ಅವನು ಅದನ್ನು ಔಷಧಿ ಹಚ್ಚಿ ಸುಟ್ಟುಕೊಂಡ. ಈ ಸಂಗತಿಯನ್ನು ಅವನೇ 1826ರಲ್ಲಿ ತನ್ನ ಗ್ರಂಥದ ಎರಡನೆಯ ಆವೃತ್ತಿಯಲ್ಲಿ ದಾಖಲಿಸಿದ. ಅದೇ ವರ್ಷ ಅವನು ಶ್ವಾಸಕೋಶದ ಕ್ಷಯದಿಂದ ತೀರಿಕೊಂಡ. ಶವ ಕೊಯ್ಯುವವರ, ಕಸಾಯಿಗಳ, ಪಶುವೈದ್ಯರ ಕೈಗಳಲ್ಲಿ ಏಳುವ ಇಂತಹ ನರುಲಿಯಂಥ ಗಂಟು ಕೂಡ ಚರ್ಮದ ಕ್ಷಯದ ಒಂದು ರೂಪವೆಂದು ಇಂದು ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಕ್ಷಯ ಒಬ್ಬರಿಂದ ಒಬ್ಬರಿಗೆ ದಾಟಬಲ್ಲುದೆಂಬ ಸಾಕ್ಷಿ ಲೆನೆಕ್‌ನ ಬೆರಳಿನಲ್ಲಿತ್ತು. ಆದರೆ ಅದನ್ನು ಸಾಕ್ಷಿಯೆಂದು ಓದುವ ಕಾಲ ಇನ್ನೂ ಬಂದಿರಲಿಲ್ಲ.

1865ರಲ್ಲಿ ಫ್ರಾನ್ಸಿನವನೇ ಆದ ವಿಲ್‌ಮ್ಯಾಂ ಕ್ಷಯದ ಗಂಟಿನ ಅಂಶವನ್ನು ಮೊಲಗಳಿಗೆ ಚುಚ್ಚಿ, ಅವುಗಳಿಗೂ ಕ್ಷಯ ತಗಲುವುದನ್ನು ತೋರಿಸಿದ. ಬಳಿಕ 1882ರ ಮಾರ್ಚ್ 24ರಂದು ಬರ್ಲಿನ್ನಿನ ಶರೀರಶಾಸ್ತ್ರ ಸಂಘದ ಸಭೆಯಲ್ಲಿ ರಾಬರ್ಟ್ ಕಾಖ್ ಕ್ಷಯಾಣುವನ್ನು ಜಗತ್ತಿಗೆ ತೋರಿಸಿದ. ವಿಶ್ವ ಕ್ಷಯರೋಗ ದಿನವನ್ನು ಇಂದಿಗೂ ಆಚರಿಸುವುದು ಆ ದಿನದಂದೇ. ಶ್ವಾಸಕೋಶದ ಕ್ಷಯ, ಮೂಳೆಯ ಕ್ಷಯ, ಗಂಡಮಾಲೆ, ತೋಳವೆಂದು ಹೆಸರಾದ ಚರ್ಮರೋಗ ಎಲ್ಲವೂ ಒಂದೇ ಮರದ ಕೊಂಬೆಗಳೆಂದು ಆ ಶೋಧದ ಹಿಂದೆಯೇ ಸ್ಪಷ್ಟವಾಗತೊಡಗಿತು.

ಆದರೂ ವೈದ್ಯರ ಸಂಶಯ ಕೂಡಲೇ ತೀರಲಿಲ್ಲ. ಅದಕ್ಕೊಂದು ಕಾರಣವಿತ್ತು. ರೋಗಿಯ ಕಫದಲ್ಲಿ ಕ್ಷಯಾಣುಗಳು ಹಿಂಡುಹಿಂಡಾಗಿ ಸಿಗುತ್ತವೆ. ಲೂಪಸ್‌ನ ಚರ್ಮದಲ್ಲಾದರೋ ಎಷ್ಟೋ ತುಣುಕುಗಳನ್ನು ಕತ್ತರಿಸಿ ನೋಡಿದರೂ ಒಂದೆರಡು ಸಿಕ್ಕರೆ ಹೆಚ್ಚು. ಈ ರೂಪದ ಕ್ಷಯ ಬರುವುದು ಬಹುಮಟ್ಟಿಗೆ ಕ್ಷಯಾಣುವನ್ನು ಎದುರಿಸುವ ಶಕ್ತಿ ಚೆನ್ನಾಗಿರುವ ದೇಹದಲ್ಲಿ. ದೇಹದ ರಕ್ಷಣಾಕೋಶಗಳು ಕೆಲವೇ ಅಣುಗಳ ಸುತ್ತ ಕೋಟೆ ಕಟ್ಟುತ್ತವೆ. ಗಾಜಿನ ಕೆಳಗೆ ಕಂಡ ಜೋನಿಬೆಲ್ಲದ ಹನಿಗಳು ಆ ಕೋಟೆಗಳೇ. ಶತ್ರುಗಳು ಕಡಿಮೆ, ಕೋಟೆ ದೊಡ್ಡದು. ಆದ್ದರಿಂದಲೇ ರೋಗಿ ಆರೋಗ್ಯವಂತನಂತೆ ಓಡಾಡಿಕೊಂಡಿರುತ್ತಾನೆ, ಕಲೆಯೂ ಆಮೆಯ ನಡಿಗೆಯಲ್ಲಿ ಹರಡುತ್ತದೆ. ನಮ್ಮ ಹುಡುಗ ಹೊಳೆ ಈಜುತ್ತಿದ್ದುದರ ಗುಟ್ಟು ಇದೇ.

ಮುಂದಿನ ಘಟನೆಯಲ್ಲಿ ನಿಮಗೆಲ್ಲ ಪರಿಚಿತನಾದ ಒಬ್ಬ ಬರುತ್ತಾನೆ. 1890ರ ನವೆಂಬರಿನಲ್ಲಿ ಕಾಖ್, ಕ್ಷಯವನ್ನು ಗುಣಪಡಿಸುವ ದ್ರವವೊಂದನ್ನು ಸಿದ್ಧಪಡಿಸಿರುವುದಾಗಿ ಪ್ರಕಟಿಸಿದ. ಟ್ಯೂಬರ್ಕ್ಯುಲಿನ್ ಎಂದು ಹೆಸರಾದ ಅದು ಕ್ಷಯಾಣುಗಳಿಂದಲೇ ತೆಗೆದ ಸಾರ. ಅದರ ಪರಿಣಾಮ ಅತ್ಯಂತ ಸ್ಪಷ್ಟವಾಗಿ ಕಾಣುವುದು ಲೂಪಸ್ ರೋಗಿಗಳಲ್ಲಿ ಎಂದು ಅವನು ಬರೆದಿದ್ದ. ಬೆನ್ನಿಗೆ ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಜ್ವರವೇರಿ, ಮುಖದ ಕಲೆ ಕೆಂಪಾಗಿ ಊದಿಕೊಳ್ಳುತ್ತಿತ್ತು; ಆಮೇಲೆ ಹಕ್ಕಳೆಗಟ್ಟಿ ಉದುರುತ್ತಿತ್ತು. ಜಗತ್ತಿನ ಎಲ್ಲೆಡೆಯಿಂದ ವೈದ್ಯರೂ ರೋಗಿಗಳೂ ಬರ್ಲಿನ್ನಿಗೆ ಧಾವಿಸಿದರು. ಹಾಗೆ ಹೋದವರಲ್ಲಿ ಇಂಗ್ಲೆಂಡಿನ ಸೌತ್‌ಸೀ ಎಂಬಲ್ಲಿ ವೈದ್ಯನಾಗಿದ್ದ ಆರ್ಥರ್ ಕಾನನ್ ಡಾಯ್ಲ್ ಒಬ್ಬ. ಶೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದವನೇ ಇವನು. ಪ್ರಯೋಗವನ್ನು ತೋರಿಸುತ್ತಿದ್ದ ಉಪನ್ಯಾಸಕ್ಕೆ ಅವನಿಗೆ ಪ್ರವೇಶ ಸಿಗಲಿಲ್ಲ. ಅಮೆರಿಕದ ವೈದ್ಯನೊಬ್ಬನ ಟಿಪ್ಪಣಿಗಳನ್ನು ಓದಿಕೊಂಡು, ಮರುದಿನ ವಾರ್ಡುಗಳಲ್ಲಿ ರೋಗಿಗಳನ್ನು ಕಣ್ಣಾರೆ ಕಂಡು, ಎಲ್ಲರೂ ಕೊಂಡಾಡುತ್ತಿದ್ದ ಸಮಯದಲ್ಲಿ ಅವನು ಎಚ್ಚರಿಕೆಯ ಲೇಖನ ಬರೆದ. ಈ ಔಷಧ ರೋಗಗ್ರಸ್ತ ಮಾಂಸವನ್ನು ಉದುರಿಸುತ್ತದೆಯೇ ಹೊರತು ಕ್ಷಯಾಣುವನ್ನು ಕೊಲ್ಲುವುದಿಲ್ಲ. ಆದರೆ ರೋಗವನ್ನು ಗುರುತಿಸಲು ಇದು ಒಳ್ಳೆಯ ಸಾಧನವಾಗಬಹುದು ಎಂಬುದು ಅವನ ಅಭಿಪ್ರಾಯದ ತಿರುಳು.

ಆದದ್ದೂ ಹಾಗೆಯೇ. ಕೆಲವೇ ತಿಂಗಳಲ್ಲಿ ಲೂಪಸ್ ಮರುಕಳಿಸಿತು, ಸಾವುಗಳೂ ಸಂಭವಿಸಿದವು, ಔಷಧದ ಕೀರ್ತಿ ಕುಸಿಯಿತು. ಆದರೆ ಅದೇ ದ್ರವ ಪರೀಕ್ಷಾಸಾಧನವಾಗಿ ಉಳಿದುಕೊಂಡಿತು. 1907ರಲ್ಲಿ ವಿಯೆನ್ನಾದ ಫಾನ್ ಪಿರ್ಕೆ ಅದನ್ನು ಚರ್ಮದ ಮೇಲೆ ಗೀರಿ ಪರೀಕ್ಷಿಸುವ ಕ್ರಮವನ್ನೂ, 1908ರಲ್ಲಿ ಫ್ರಾನ್ಸಿನ ಮಾಂಟೂ ಚರ್ಮದೊಳಗೆ ಸೂಜಿಯಿಂದ ಚುಚ್ಚುವ ಕ್ರಮವನ್ನೂ ರೂಪಿಸಿದರು. ನಿಮ್ಮಲ್ಲಿ ಅನೇಕರು ಮುಂಗೈಗೆ ಚುಚ್ಚಿಸಿಕೊಂಡು ಎರಡು ಮೂರು ದಿನ ಬಿಟ್ಟು ಊತವನ್ನು ಅಳೆಸಿಕೊಂಡಿರುವಿರಲ್ಲ, ಆ ಮಾಂಟೂ ಪರೀಕ್ಷೆ ಇದೇ.

ಇದೇ ಕಾಲಕ್ಕೆ ಡೆನ್ಮಾರ್ಕಿನಲ್ಲಿ ನೀಲ್ಸ್ ಫಿನ್ಸೆನ್ ಎಂಬ ವೈದ್ಯ ಬೆಳಕಿನಿಂದ ತೋಳವನ್ನು ಓಡಿಸಲು ಹೊರಟಿದ್ದ. ಸ್ವತಃ ದೀರ್ಘಕಾಲದ ರೋಗಿಯಾಗಿದ್ದ ಅವನು 1895ರಲ್ಲಿ ಕೋಪನ್‌ಹೇಗನ್ನಿನ ವಿದ್ಯುತ್ ಕಾರ್ಖಾನೆಯ ಕಾರ್ಬನ್ ದೀಪದ ಪ್ರಖರ ಬೆಳಕನ್ನು ಲೂಪಸ್ ರೋಗಿಯೊಬ್ಬನ ಮುಖದ ಮೇಲೆ ಬೀಳಿಸಿ ಚಿಕಿತ್ಸೆ ಮಾಡಿದ. ಮರುವರ್ಷವೇ ಅವನ ಹೆಸರಿನ ಸಂಸ್ಥೆ ಸ್ಥಾಪನೆಯಾಯಿತು. ರಕ್ತ ತುಂಬಿದ ಚರ್ಮದಲ್ಲಿ ಬೆಳಕು ಆಳಕ್ಕೆ ಇಳಿಯುವುದಿಲ್ಲವೆಂದು ಅರಿತ ಅವನು, ತಣ್ಣೀರು ಹರಿಯುವ ಸ್ಫಟಿಕದ ಮಸೂರವನ್ನು ಕಲೆಯ ಮೇಲೆ ಒತ್ತಿ ಹಿಡಿಸುತ್ತಿದ್ದ. ರಕ್ತವನ್ನು ಪಕ್ಕಕ್ಕೆ ಸರಿಸುವ ತತ್ತ್ವ ನಮ್ಮ ಜಿಲ್ಲಾಸ್ಪತ್ರೆಯ ಗಾಜಿನ ಪಟ್ಟಿಯದೇ! ಒಬ್ಬೊಬ್ಬ ರೋಗಿಯ ಬಳಿಯೂ ದಾದಿಯೊಬ್ಬಳು ದಿನವೂ ತಾಸುಗಟ್ಟಲೆ ಅದನ್ನು ಒತ್ತಿ ಹಿಡಿದು ಕೂರಬೇಕಾಗಿತ್ತು. ಡೆನ್ಮಾರ್ಕಿನ ರಾಜಪುತ್ರಿಯಾಗಿದ್ದ ಅಲೆಕ್ಸಾಂಡ್ರಾಳ ಆಸಕ್ತಿಯಿಂದ 1900ರಲ್ಲಿ ಆ ದೀಪ ಲಂಡನ್ನಿಗೂ ಬಂತು. 1903ರಲ್ಲಿ ಫಿನ್ಸೆನ್‌ಗೆ ನೊಬೆಲ್ ಪ್ರಶಸ್ತಿ ಬಂತು. ಮರುವರ್ಷ, ನಲವತ್ಮೂರರ ವಯಸ್ಸಿನಲ್ಲಿ ಅವನು ತೀರಿಕೊಂಡ. ಮುಂದೆ 1944ರಲ್ಲಿ ಸ್ಟ್ರೆಪ್ಟೊಮೈಸಿನ್, 1952ರಲ್ಲಿ ಐಸೊನಯಝಿಡ್ ಬಂದ ಮೇಲೆ ದೀಪಗಳ ಕಾಲ ಮುಗಿಯಿತು.

ಇನ್ನು ನಮ್ಮ ದೇಶದ ವಿಷಯ. ಯುರೋಪಿನ ಪುಸ್ತಕಗಳಲ್ಲಿ ತೋಳ ಮುಖವನ್ನು ಹಿಡಿಯುತ್ತದೆ. ಭಾರತದಲ್ಲಿ ಅದು ಹೆಚ್ಚಾಗಿ ಕಾಣುವುದು ಪೃಷ್ಠ, ತೊಡೆ, ಕಾಲುಗಳಲ್ಲಿ. ಬರಿಗಾಲಿನ ನಡಿಗೆ, ನೆಲದ ಮೇಲೆ ಕೂರುವ ಅಭ್ಯಾಸ, ತರಚಿದ ಗಾಯ ಇವೆಲ್ಲ ಕಾರಣವಿರಬಹುದೆಂದು ವೈದ್ಯರು ಹೇಳುತ್ತಾರೆ. ಬಟ್ಟೆಯ ಮರೆಯಲ್ಲಿರುವುದರಿಂದ ಜನ ಅದನ್ನು ಹತ್ತು ಹದಿನೈದು ವರ್ಷ ಹುಳುಕಡ್ಡಿಯೆಂದು ಮುಲಾಮು ಹಚ್ಚುತ್ತ ಕಳೆಯುವುದುಂಟು. ನಮ್ಮ ಕಪ್ಪು, ಕಂದು ಚರ್ಮದಲ್ಲಿ ಗಾಜಿನ ಕೆಳಗಿನ ಆ ಬಣ್ಣ ಸುಲಭವಾಗಿ ಕಾಣುವುದೂ ಇಲ್ಲ. ಕಂಡರೂ ಬೇರೆ ಕೆಲವು ರೋಗಗಳಲ್ಲಿಯೂ ಅದು ಹಾಗೆಯೇ ಇರುತ್ತದೆ. ಹಾಗಾದರೆ ಗುರುತು ಹಿಡಿಯುವುದು ಹೇಗೆ?

ಇತಿಹಾಸದ ಮೇಷ್ಟ್ರಾಗಿ ನನಗೆ ಇಲ್ಲಿ ನಮ್ಮದೇ ವೃತ್ತಿಯ ನೆನಪಾಗುತ್ತದೆ. ಒಂದು ಶಾಸನವನ್ನು ನಂಬಿ ರಾಜನ ಕಾಲವನ್ನು ನಿರ್ಣಯಿಸುವುದಿಲ್ಲ. ನಾಣ್ಯ, ಸಾಹಿತ್ಯ, ಲಿಪಿಯ ರೂಪ ಎಲ್ಲವನ್ನೂ ಕೂಡಿಸಿ ನೋಡುತ್ತೇವೆ. ವೈದ್ಯರೂ ಹಾಗೆಯೇ. ಮೊದಲನೆಯ ಸಾಕ್ಷಿ ಕಲೆಯ ನಡತೆ: ಒಂದು ಅಂಚಿನಲ್ಲಿ ಮಾಯ್ದು ತೆಳುವಾದ ಗಾಯದ ಗುರುತನ್ನು ಬಿಡುತ್ತ, ಇನ್ನೊಂದು ಅಂಚಿನಲ್ಲಿ ಹರಡುತ್ತ ಹೋಗುವುದು. ಎರಡನೆಯದು ಸ್ಪರ್ಶ: ಕುಷ್ಠದ ಕಲೆಯಲ್ಲಿ ಸಾಮಾನ್ಯವಾಗಿ ಸ್ಪರ್ಶಜ್ಞಾನ ಕುಂದಿರುತ್ತದೆ, ಹತ್ತಿರದ ನರ ದಪ್ಪವಾಗಿರಬಹುದು, ಕ್ಷಯದ ಕಲೆಯಲ್ಲಿ ಹಾಗಾಗುವುದಿಲ್ಲ. ಮೂರನೆಯದು ಚರ್ಮದ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದು, ಅಂದರೆ ಬಯಾಪ್ಸಿ. ನಾಲ್ಕನೆಯದು ಆ ತುಣುಕಿನಿಂದ ಕ್ಷಯಾಣುವನ್ನು ಬೆಳೆಸುವುದು. ಅದಕ್ಕೆ ವಾರಗಳೇ ಬೇಕು, ಅಣುಗಳು ವಿರಳವಾದ್ದರಿಂದ ಬೆಳೆಯದಿರುವುದೂ ಉಂಟು. ಈಗ ಅಣುವಿನ ವಂಶವಾಹಿಯನ್ನೇ ಹುಡುಕುವ ಪಿಸಿಆರ್ ಮಾದರಿಯ ಪರೀಕ್ಷೆಗಳೂ ಬಂದಿವೆ. ಅವೂ ಕೆಲವೊಮ್ಮೆ ತಪ್ಪಿಹೋಗುತ್ತವೆ. ಮಾಂಟೂ ಪರೀಕ್ಷೆ ಒಂದು ಸಾಕ್ಷಿ ಮಾತ್ರ, ತೀರ್ಪಲ್ಲ. ಕ್ಷಯಾಣು ಎಂದೋ ದೇಹವನ್ನು ಹೊಕ್ಕು ಸುಮ್ಮನಿರುವವರಲ್ಲಿಯೂ ಅದು ಊದುತ್ತದೆ. ಎದೆಯ ಎಕ್ಸ್‌-ರೇ ತೆಗೆದು, ದೇಹದ ಒಳಗೆ ಬೇರೆಲ್ಲಾದರೂ ಕ್ಷಯ ಅಡಗಿದೆಯೇ ಎಂದೂ ನೋಡುತ್ತಾರೆ. ಕೆಲವೊಮ್ಮೆ ಕ್ಷಯದ ಔಷಧಕ್ಕೆ ಕಲೆ ಇಳಿಯತೊಡಗಿದಾಗಲೇ ನಿರ್ಣಯ ದೃಢವಾಗುವುದು. ಈ ಎಲ್ಲ ಸಾಕ್ಷಿಗಳನ್ನು ತೂಗಿ ನೋಡುವ ತಾಳ್ಮೆಗೇ ರೋಗನಿರ್ಣಯವೆಂದು ಹೆಸರು.

ಈಗ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಅಲಕ್ಷಿಸಿದರೆ ಅಂಗ ವಿಕಾರವಾಗುತ್ತದೆ. ಬಹುಕಾಲ ಉಳಿದ ಕಲೆಯಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಕೂಡ ಹುಟ್ಟುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಮಾಯದೆ ನಿಧಾನವಾಗಿ ಹರಡುತ್ತಿರುವ ಕಲೆ ನಿಮ್ಮಲ್ಲಾಗಲಿ ನಿಮ್ಮ ಮನೆಯವರಲ್ಲಾಗಲಿ ಇದ್ದರೆ, ದಯವಿಟ್ಟು ಮುಲಾಮು ಬದಲಿಸುತ್ತ ಕೂರದೆ ಚರ್ಮವೈದ್ಯರಿಗೆ ತೋರಿಸಿ.

ಮತ್ತೆ 1974ಕ್ಕೆ. ಬಯಾಪ್ಸಿಯ ವರದಿ ಬಂದು ಕ್ಷಯವೆಂದು ಖಚಿತವಾಯಿತು. ಬೆಂಗಳೂರಿನಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ ತರಬೇತಿ ಪಡೆದವರು ಆಗ ಜಿಲ್ಲಾ ಕ್ಷಯರೋಗ ಕೇಂದ್ರಗಳಲ್ಲಿ ಕೆಲಸ ಮಾಡುತ್ತಿದ್ದರು. ಅಂತಹ ಕೇಂದ್ರದಿಂದಲೇ ಔಷಧ ಬಂತು. ಮೊದಲೆರಡು ತಿಂಗಳು ದಿನವೂ ಸ್ಟ್ರೆಪ್ಟೊಮೈಸಿನ್ ಸೂಜಿ, ಒಟ್ಟು ಒಂದೂವರೆ ವರ್ಷ ಮಾತ್ರೆ. ಅಜ್ಜಿ ಒಂದು ದಿನವೂ ತಪ್ಪಿಸಲಿಲ್ಲ. ಕಲೆ ಇಳಿಯಿತು, ಗಾಯದ ಗುರುತು ಉಳಿಯಿತು.

ಡಾಕ್ಟರು ನನಗೆ ಕೊಟ್ಟ ಚೀಟಿಯ ಮಾತನ್ನು ಹೇಳಬೇಕು. ನಾನು ಬೇಡಿದ್ದಕ್ಕೆ ವಿರುದ್ಧವಾಗಿ, ಈ ಬಾಲಕನು ಶಾಲೆಗೆ ಹೋಗಲು ಯಾವ ಅಡ್ಡಿಯೂ ಇಲ್ಲವೆಂದು ಅವರು ಬರೆದಿದ್ದರು. ನನಗೆ ನೆಮ್ಮದಿಯಾಯಿತು. "ಸದ್ಯ, ಮಹಾರೋಗ ಅಲ್ಲವಲ್ಲ" ಎಂದೆ. ಅವರು ತಲೆಯೆತ್ತಿ ನೋಡಿ, "ಮೇಷ್ಟ್ರೇ, ಅದೇ ಆಗಿದ್ದರೂ ನಾನು ಇದೇ ಚೀಟಿಯನ್ನು ಬರೆಯುತ್ತಿದ್ದೆ. ಅದಕ್ಕೂ ಮಾತ್ರೆಯಿದೆ. ಬೇರೆ ಬೆಂಚಿಗೆ ಮಾತ್ರ ನನ್ನಲ್ಲಿ ಔಷಧವಿಲ್ಲ" ಎಂದರು. ಬೆಂಚಿನ ವಿಷಯವನ್ನು ಅಜ್ಜಿ ಅವರಿಗೆ ಹೇಳಿದ್ದಿರಬೇಕು.

ಆ ವರ್ಷಗಳಲ್ಲಿ ಶನಿವಾರದ ಕೊನೆಯ ಅವಧಿಯಲ್ಲಿ ನಾನು ತರಗತಿಗೆ ಶೆರ್ಲಾಕ್ ಹೋಮ್ಸ್ ಕಥೆಗಳನ್ನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಕಾನನ್ ಡಾಯ್ಲ್ 1926ರಲ್ಲಿ ಪ್ರಕಟಿಸಿದ 'ಬ್ಲಾಂಚ್ಡ್ ಸೋಲ್ಜರ್' ಎಂಬ ಕಥೆಯಲ್ಲಿ, ಯುದ್ಧದಿಂದ ಮರಳಿದ ಯುವಕನೊಬ್ಬನಿಗೆ ಕುಷ್ಠ ತಗಲಿದೆಯೆಂದು ಹೆದರಿ ಮನೆಯವರು ಅವನನ್ನು ತೋಟದ ಮನೆಯಲ್ಲಿ ಬಚ್ಚಿಡುತ್ತಾರೆ. ಹೋಮ್ಸ್ ಒಬ್ಬ ಚರ್ಮವೈದ್ಯನನ್ನು ಕರೆತರುತ್ತಾನೆ. ಅದು ಕುಷ್ಠವಲ್ಲ, ಚರ್ಮ ಒಣಗಿ ಹುರುಪೆಗಟ್ಟುವ ಬೇರೊಂದು ರೋಗವೆಂದು ತಿಳಿಯುತ್ತದೆ. ಆ ಕಥೆಯನ್ನು ನಾನು ಓದಿದ್ದೆ. ಗಮನಿಸಿ ನೋಡುವುದು ಹೇಗೆಂದು ಮಕ್ಕಳಿಗೆ ಹೇಳಿಕೊಡುತ್ತಿದ್ದ ನಾನು, ನನ್ನದೇ ತರಗತಿಯ ಹುಡುಗನ ಕೆನ್ನೆಯನ್ನು ಒಮ್ಮೆಯೂ ಹತ್ತಿರದಿಂದ ನೋಡಿರಲಿಲ್ಲ. ಊರಿನವರ ಮಾತನ್ನು ಕೇಳಿದೆ, ಅಷ್ಟೇ.

ಅವನು ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಟ್ಟ. ಅವನು ಶಾಲೆಯಲ್ಲಿದ್ದಷ್ಟು ದಿನವೂ ಆ ಬೆಂಚಿನ ವಿಷಯವನ್ನು ನಾವಿಬ್ಬರೂ ಎತ್ತಲಿಲ್ಲ. ಅವನು ಇದನ್ನು ಓದುತ್ತಾನೋ ಇಲ್ಲವೋ ತಿಳಿಯದು. ಓದಿದರೆ, ಮರೀ, ಕಿಟಕಿಯ ಗಾಳಿಯ ಮಾತು ಸುಳ್ಳಾಗಿತ್ತು. ನನ್ನದು ತಪ್ಪು. ಕ್ಷಮಿಸು.